ವಕೀಲಮ್ಮನಿಗೊಂದು ಶಾಲು

ಇಡ್ಲಿ ಹಿಟ್ಟನ್ನು ಹಿಂದಿನ ದಿನ ರುಬ್ಬಿಟ್ಟರೆ ಸಾಕು, ಅದರ ಪಾಡಿಗೆ ಅದು ಹುಳಿ ಬರುತ್ತದೆ. ಉದ್ದಿನ ವಡೆಯ ಹಿಟ್ಟು ಹಾಗಲ್ಲ, ಕರಿಯುವ ದಿನವೇ ರುಬ್ಬಬೇಕು. ಕರಿಯುವ ದಿನ ಭಾನುವಾರವಾಗಿದ್ದು, ಊರು ಜರ್ಮನಿಯ ಬೊಬ್ಲಿಂಗೆನ್ ಆಗಿಬಿಟ್ಟರೆ ಏನಾಗುತ್ತದೆ ಎಂಬುದನ್ನು ಚೇತನಕುಮಾರನನ್ನು ಕೇಳಬೇಕು.

ಆ ಭಾನುವಾರ ಸೂರ್ಯನಿಗಿಂತ ಮೊದಲೇ ಎದ್ದ ಅವನು, ಮೈಸೂರಿನಿಂದ ಬಟ್ಟೆಬರೆ ಬಿಟ್ಟು ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದ ಗ್ರೈಂಡರನ್ನು ಅಡಿಗೆಮನೆಯ ನೆಲದ ಮೇಲಿಟ್ಟ. ಅದರ ಕೆಳಗೆ ಹಳೆಯ ಕಂಬಳಿಯೊಂದನ್ನು ಮಡಿಸಿ ಹಾಕಿದ. ಸ್ವಿಚ್ ಒತ್ತಿದೊಡನೆ ಗ್ರೈಂಡರು ಕಂಬಳಿಯ ಸಮೇತ ಗಡಗಡ ನಡುಗತೊಡಗಿತು.

"ಪಾಪಾ! ಹೊಯ್ಟೆ ಇಸ್ಟ್ ಜೊಂಟಾಗ್!" ಎಂದು ಮಗಳು ಪವಿ ಕಣ್ಣುಜ್ಜಿಕೊಳ್ಳುತ್ತ ಬಾಗಿಲಿಗೆ ಬಂದಳು. ಇವತ್ತು ಭಾನುವಾರ, ಈ ದೇಶದಲ್ಲಿ ಇವತ್ತು ಸದ್ದು ಮಾಡುವಂತಿಲ್ಲ ಎಂಬುದು ಇಲ್ಲೇ ಹುಟ್ಟಿದ ಮಗುವಿಗೂ ಗೊತ್ತಿತ್ತು.

"ಮನೇಲಿ ಕನ್ನಡ ಮಾತಾಡು ಪುಟ್ಟಾ," ಎಂದು ಚೇತನಕುಮಾರ ಭಾಷಾಭಿಮಾನದ ಹಿಂದೆ ಅವಿತುಕೊಂಡ.

ಹೆಂಡತಿ ರಚನಾ ಕನ್ನಡದಲ್ಲೇ ಮಾತಾಡಿದಳು. "ರೀ, ಕೆಳಗಿನ ಅಜ್ಜಿ ಕೋಲಲ್ಲಿ ಸೀಲಿಂಗ್ ಕುಟ್ತಿದಾರೆ. ಕೇಳಿಸ್ತಿಲ್ವಾ?"

"ಐದೇ ನಿಮಿಷ ಕಣೆ."

"ಹೋದ್ ಸಲಾನೂ ಹೀಗೇ ಅಂದಿದ್ರಿ. ಆಮೇಲೆ ಓನರ್ ಫೋನ್ ಬಂತು."

ಆ ಫೋನೇ ಎಲ್ಲಕ್ಕೂ ಮೂಲ. ಕೆಳಗಿನ ಮನೆಯ ಫ್ರಾವ್ ಡ್ರೆಸ್ಲರ್ ಅಜ್ಜಿ, ಭಾನುವಾರ ಬೆಳಗಾದರೆ ತನ್ನ ತಲೆಯ ಮೇಲೆ ಯಾರೋ ಕಾರ್ಖಾನೆ ನಡೆಸುತ್ತಾರೆಂದು ಮನೆ ಮಾಲೀಕನಿಗೆ ದೂರು ಕೊಟ್ಟಿದ್ದಳು. ಮಾಲೀಕ ಕೇಳಿದಾಗ ಚೇತನಕುಮಾರನ ನಾಲಿಗೆ ತಾನಾಗಿ ಹೊರಳಿತು. "ನಮ್ಮಲ್ಲಿ ಅಂಥದ್ದೇನೂ ಇಲ್ಲ, ಮೇಲಿನ ಮನೆಯವರದ್ದಿರಬಹುದು," ಎಂದುಬಿಟ್ಟ. ಮೇಲಿನ ಮನೆಯಲ್ಲಿದ್ದದ್ದು ಸಿರಿಯಾದಿಂದ ಓಡಿಬಂದ ಸಮೀರ್ ಎಂಬುವನ ಸಂಸಾರ. ಮಾಲೀಕ ಆ ಮಾತನ್ನು ಥಟ್ಟನೆ ನಂಬಿದ. ಆದರೆ ಅಜ್ಜಿ ನಂಬಲಿಲ್ಲ. ಸದ್ದು ನೇರ ತನ್ನ ತಲೆಯ ಮೇಲಿನ ಮನೆಯಿಂದಲೇ ಬರುತ್ತದೆ, ಅದಕ್ಕೂ ಮೇಲಿನದರಿಂದಲ್ಲ ಎಂದು ಪಟ್ಟು ಹಿಡಿದಳು. ಕೊನೆಗೆ ಮಾಲೀಕ ರೇಗಿ, ಮೂರು ವಾರ ಬಿಟ್ಟು ಬರುವ ಮಂಗಳವಾರ ತಾನೇ ಬಂದು ವಿಚಾರಿಸುವುದಾಗಿಯೂ ತಪ್ಪು ಯಾರದೋ ಅವರು ಮನೆ ಖಾಲಿ ಮಾಡಬೇಕೆಂದೂ ತೀರ್ಪು ಕೊಟ್ಟ.

ಬೊಬ್ಲಿಂಗೆನ್‌ನಲ್ಲಿ ಬಾಡಿಗೆ ಮನೆ ಹುಡುಕುವುದಕ್ಕಿಂತ ಮದುವೆಗೆ ಹೆಣ್ಣು ಹುಡುಕುವುದು ಸುಲಭ. ಎರಡರ ಅನುಭವವೂ ಇದ್ದ ಚೇತನಕುಮಾರನಿಗೆ ಮನೆ ಹೋಗುವ ಯೋಚನೆಯಿಂದಲೇ ನಿದ್ದೆ ಹಾರಿಹೋಗಿತ್ತು.

ಅವನ ಆಫೀಸಿನಲ್ಲೇ ಇದ್ದ ಹಾಸನದ ರಶೀದ್ ದಾರಿ ತೋರಿಸಿದ. ಮಾರಿಸೋಲ್ ಕಿಂತೇರೊ ಎಂಬ ವಕೀಲೆ. ಸ್ಟುಟ್‌ಗಾರ್ಟಿನ ಕೋರ್ಟಿನಲ್ಲಿ ಆಕೆ ವಾದಕ್ಕೆ ಎದ್ದು ನಿಂತರೆ ಎದುರಿನವರು ನೀರು ಕುಡಿಯುತ್ತಾರಂತೆ. ಅಂಥವಳು ಶನಿವಾರ ಮಾತ್ರ ಬೊಬ್ಲಿಂಗೆನ್‌ಗೆ ಬಂದು, ಲೈಬ್ರರಿ ಹಿಂದಿನ ಹಾಲಿನಲ್ಲಿ ಮೇಜು ಹಾಕಿಕೊಂಡು ಪುಕ್ಕಟೆಯಾಗಿ ಸಲಹೆ ಕೊಡುತ್ತಾಳೆ. ರಶೀದ್ ಅಲ್ಲಿ ಬಂದವರಿಗೆ ಚಹಾ ಮಾಡಿಕೊಡುತ್ತಾನೆ.

"ಶನಿವಾರ ಬಾ ಗುರು. ಟೋಕನ್ ತಗೊಂಡು ಕೂತ್ಕೋ. ಒಂದು ಪೈಸೆ ಖರ್ಚಿಲ್ಲ," ಎಂದ ರಶೀದ್.

"ಟೋಕನ್ನಾ? ಆ ರೆಫ್ಯೂಜಿಗಳ ಮಧ್ಯೆನಾ? ನಾವು ಬ್ಲೂ ಕಾರ್ಡಲ್ಲಿ ಕೆಲಸಕ್ಕೆ ಅಂತ ಬಂದೋರು ಮಾರಾಯಾ!"

"ಕುರ್ಚಿ ಎಲ್ಲಾರ್ಗೂ ಒಂದೇ ಥರದ್ದೇ ಇದೆ ಗುರು," ಎಂದು ರಶೀದ್ ನಕ್ಕ.

ಚೇತನಕುಮಾರನಿಗೆ ಅದು ಹಿಡಿಸಲಿಲ್ಲ. ಯಾರಿಂದ ಕೆಲಸ ಆಗಬೇಕೋ ಅವರ ಬಳಿ ಹೋಗಿ ನೆಟ್ಟಗೆ ಕೇಳುವುದು ನಮ್ಮವರಲ್ಲಿ ಮರ್ಯಾದೆಯಲ್ಲ. ಮೊದಲು ಅವರಿಗೊಂದು ಶಾಲು ಹೊದಿಸಬೇಕು. ಶಾಲು ಹೊದ್ದವರು ಇಲ್ಲವೆನ್ನಲಾರರು. ಹೀಗೆ ಯೋಚಿಸಿ ಅವನು ಕನ್ನಡ ಸಂಘದ ಸಭೆಯಲ್ಲಿ, ವಕೀಲೆಗೆ 'ಸಮಾಜಸೇವಾ ರತ್ನ' ಎಂಬ ಬಿರುದು ಕೊಡೋಣವೆಂದು ಸೂಚಿಸಿದ. ಸಂಘದಲ್ಲಿ ಯುಗಾದಿಗೆ ಒಬ್ಬಟ್ಟೋ ಹೋಳಿಗೆಯೋ ಎನ್ನುವುದಕ್ಕೂ ಎರಡು ಪಕ್ಷವಾಗುತ್ತದೆ. ಇದಕ್ಕೆ ಮಾತ್ರ ಎಲ್ಲರೂ ಒಟ್ಟಿಗೆ ಕೈ ಎತ್ತಿದರು. ಅವನಿಗೆ ಆಗಲೇ ಅನುಮಾನ ಬರಬೇಕಿತ್ತು.

ವಡೆ ಹಿಟ್ಟಿನ ಪಾತ್ರೆಯೊಂದಿಗೆ ಅವನು ಸಭಾಂಗಣ ಮುಟ್ಟಿದಾಗ ಸಂಘದ ಅಧ್ಯಕ್ಷ, ಧಾರವಾಡದ ಗುರುಬಸಪ್ಪ, ಅವನು ಬರೆದ ಪರಿಚಯ ಭಾಷಣವನ್ನು ಪರೀಕ್ಷಿಸಲು ಕಾಯುತ್ತಿದ್ದರು.

"ಏನ್ ಬರದೀರಿ, ಓದ್ರಿ ನೋಡೋಣು."

"ಕೊಲಂಬಿಯಾದಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ..."

"ಏ ಏ, ಕೊಲಂಬಿಯಾ ಅನಬ್ಯಾಡ್ರಿ. ಮಂದಿ ಬ್ಯಾರೆ ಏನರ ತಿಳ್ಕೋತಾರ. ಸ್ಪೇನ್ ಅನ್ರಿ. ಭಾಷಾ ಒಂದೇ ಅಲ್ಲೇನು?"

"ಸರಿ ಸರ್. ತಾಯಿ ಆಫೀಸುಗಳ ನೆಲ ಒರೆಸಿ ಮಗಳನ್ನು ಹೈಡೆಲ್‌ಬರ್ಗ್‌ನಲ್ಲಿ ಕಾನೂನು ಓದಿಸಿದರು..."

"ಅದನ್ನೂ ತಗೀರಿ. ಸ್ಟೇಜ್ ಮ್ಯಾಲೆ ಕಸಾ ಮುಸುರಿ ಮಾತ್ಯಾಕ? ಸುಸಂಸ್ಕೃತ ಮನೆತನ ಅಂತ ಹಾಕ್ರಿ. ಮತ್ತ ಒಂದ್ ಕೇಸೂ ಸೋತಿಲ್ಲ ಅಂತ ಸೇರಸ್ರಿ."

"ಅದು ಗೊತ್ತಿಲ್ವಲ್ಲ ಸರ್."

"ಸನ್ಮಾನದಾಗ ಗೊತ್ತಿದ್ದದ್ದ ಹೇಳ್ತಾರೇನ್ರೀ?"

ಹೀಗೆ ಮಾರಿಸೋಲ್ ಕಿಂತೇರೊ ವೇದಿಕೆ ಹತ್ತುವ ಹೊತ್ತಿಗೆ ಆಕೆಯ ದೇಶ, ತಾಯಿ, ಸೋಲು ಮೂರೂ ಅಳಿಸಿಹೋಗಿದ್ದವು. ಐವತ್ತರ ಆಸುಪಾಸಿನ, ಗಿಡ್ಡ ಕೂದಲಿನ, ಗಟ್ಟಿ ಕಣ್ಣುಗಳ ಹೆಂಗಸು. ಚೇತನಕುಮಾರ ಭಾಷಣ ಮುಗಿಸುವವರೆಗೂ, ರಶೀದ್ ಪಕ್ಕದಲ್ಲಿ ಕೂತು ಜರ್ಮನ್‌ನಲ್ಲಿ ಹೇಳುತ್ತಿದ್ದುದನ್ನು ಇದು ಯಾರ ವಿಷಯ ಎಂಬಂತೆ ಕುತೂಹಲದಿಂದ ಕೇಳಿದಳು.

ಸನ್ಮಾನ ಶುರುವಾಯಿತು. ಗುರುಬಸಪ್ಪನವರು ಹಾರ ಹಾಕಲು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಮೈಕು ಚಾಲೂ ಇದ್ದದ್ದರಿಂದ ಅವರ ಪಿಸುಮಾತು ಇಡೀ ಸಭೆಗೆ ಕೇಳಿಸಿತು: "ಮೇಡಂ, ಕಾರ್ ಜೋರ್ ಓಡಿಸಿದ್ದಕ್ಕ ಸ್ಪೀಡಿಂಗ್ ಫೋಟೋ ಬಂದದ, ದಂಡ ಹಾಕ್ಯಾರ. ಅದರಾಗ ನನ್ನ ಮುಖಾ ಸ್ಪಷ್ಟ ಇಲ್ಲ. ಉಳೀಬಹುದೇನು?" ಶಾಲು ಹೊದಿಸಲು ಬಂದ ಸಾಂಸ್ಕೃತಿಕ ಕಾರ್ಯದರ್ಶಿ ಬಸವೇಶ್ವರಿ, ಒಂದು ತುದಿಯನ್ನು ಬಿಡದೆ ಹಿಡಿದು, ಹಳೆಯ ಮನೆಯವನು ಅಡ್ವಾನ್ಸ್ ಹಿಂದಿರುಗಿಸಿಲ್ಲವೆಂದು ಆದಿಯಿಂದ ಅಂತ್ಯದವರೆಗೆ ಹೇಳಿದರು. ಪೇಟ ತೊಡಿಸಲು ಬಂದ ಖಜಾಂಚಿ ಚನ್ನಮಲ್ಲಪ್ಪ ತನ್ನನ್ನು ಕೆಲಸದಿಂದ ತೆಗೆಯುವಂತಿದೆ ಎಂದ. ಪೇಟ ದೊಡ್ಡದಾಗಿ ವಕೀಲೆಯ ಕಣ್ಣು ಮುಚ್ಚಿಕೊಂಡಿತು, ಕಿವಿ ಮಾತ್ರ ಎಲ್ಲರಿಗೂ ಸಿಗುವಂತೆ ಉಳಿಯಿತು. ಆ ದಿನದ ಗುಂಪು ಫೋಟೋದಲ್ಲಿ ಇವತ್ತಿಗೂ ನೋಡಬಹುದು, ಕ್ಯಾಮೆರಾದ ಕಡೆ ಒಬ್ಬರ ಮುಖವೂ ಇಲ್ಲ.

ಚೇತನಕುಮಾರ ಹಲ್ಲು ಕಡಿದ. ಉಪಾಯ ತನ್ನದು, ಉದ್ದು ತನ್ನದು, ಮುಂದೆ ನುಗ್ಗಿದವರು ಇವರು!

ಪೇಟ ಮೇಲೆ ಸರಿಸಿ ವಕೀಲೆ ಮಾತಿಗೆ ನಿಂತಳು. ಜರ್ಮನ್‌ನಲ್ಲಿ ಆಡಿದ್ದನ್ನು ರಶೀದ್ ಕನ್ನಡಕ್ಕೆ ತಿರುಗಿಸಿದ.

"ಈಗ ವರ್ಣಿಸಿದ ಆ ಮಹಾನ್ ಮಹಿಳೆ ಯಾರೋ, ನಾನೂ ಒಮ್ಮೆ ಅವರನ್ನ ನೋಡ್ಬೇಕು ಅಂತಿದಾರೆ. ಇವ್ರು ಸ್ಪೇನಿನವರಲ್ಲವಂತೆ, ಕೊಲಂಬಿಯಾದವರಂತೆ. ಇವ್ರ ಅಮ್ಮ ಇದೇ ಹಾಲಿನ ನೆಲ ಒರೆಸ್ತಿದ್ರಂತೆ. ಇವ್ರು ಆ ಮೂಲೇಲಿ ಕೂತು ಹೋಂವರ್ಕ್ ಮಾಡ್ತಿದ್ರಂತೆ."

ಎಲ್ಲರೂ ಮೂಲೆಯ ಕಡೆ ನೋಡಿದರು. ಗುರುಬಸಪ್ಪನವರು ಮಾತ್ರ ಛಾವಣಿ ನೋಡಿದರು.

"ಒಂದ್ಸಲ ಅಮ್ಮನ ಸಂಬಳ ಹಿಡ್ಕೊಂಡ್ರಂತೆ. ಯಾರನ್ನ ಕೇಳ್ಬೇಕು ಅಂತ ಗೊತ್ತಾಗದೆ ಅಮ್ಮ ಸುಮ್ನಾದ್ರಂತೆ. ಅದಕ್ಕೇ ಇವ್ರು ವಕೀಲರಾಗಿದ್ದು. ಕೋರ್ಟಲ್ಲಿ ಬೇಕಾದಷ್ಟು ಸಲ ಸೋತಿದೀನಿ, ಸುಳ್ಳು ಹೊಗಳಿಕೆ ಬೇಡ ಅಂತಿದಾರೆ. ಈ ದೇಶಕ್ಕೆ ಕೊನೇಲಿ ಬಂದವರ ಮೇಲೆ ತಪ್ಪು ಹೊರಿಸೋದು ಎಲ್ಲಾರ್ಗೂ ಸುಲಭ, ಅಂಥವರ ಪಕ್ಕ ಒಬ್ರಾದ್ರೂ ನಿಂತ್ಕೋಬೇಕು ಅಂತಾನೇ ಶನಿವಾರ ಬರ್ತಾರಂತೆ."

ಈ ಮಾತಿಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಚೇತನಕುಮಾರ. ಕಣ್ಣಂಚು ಸಹ ಒದ್ದೆಯಾಯಿತು. ಅಂಥ ಮಾತುಗಳನ್ನು ಕೇಳಿದಾಗ ಅವನಿಗೆ ಯಾವಾಗಲೂ ಹಾಗಾಗುತ್ತದೆ, ಊಟದ ಹೊತ್ತಿಗೆ ಸರಿಹೋಗುತ್ತದೆ.

ಊಟವಾಯಿತು. ವಕೀಲೆ ವಡೆಯನ್ನು ಚಪ್ಪರಿಸಿ ತಿಂದು ಇನ್ನೊಂದು ಕೇಳಿದಳು. ಆಕೆಯನ್ನು ಸ್ಟೇಷನ್ನಿಗೆ ಬಿಡಲು ಗುರುಬಸಪ್ಪನವರು ಕಾರಿನ ಬೀಗದ ಕೈ ತಿರುಗಿಸುತ್ತ ಎದ್ದರು. ಅಷ್ಟರಲ್ಲಿ ಚೇತನಕುಮಾರ ಸನ್ಮಾನದ ಹಣ್ಣಿನ ಬುಟ್ಟಿಯನ್ನು ಕಂಕುಳಲ್ಲಿ ಅವುಚಿಕೊಂಡು ತನ್ನ ಕಾರಿನ ಕಡೆ ಓಟ ಕಿತ್ತಿದ್ದ. ಬುಟ್ಟಿ ಇದ್ದಲ್ಲಿಗೆ ಅತಿಥಿ ಬರಲೇಬೇಕಾಯಿತು.

"ರೀ ಚೇತನಕುಮಾರ್! ನಾನೂ ಬರ್ತೀನಿ, ನಿಂದರ್ರಿ!" ಎಂದು ಗುರುಬಸಪ್ಪನವರು ಕೂಗಿದ್ದು ಕನ್ನಡಿಯಲ್ಲಿ ಸಣ್ಣದಾಗುತ್ತ ಹೋಯಿತು.

ಮಡಿಲಲ್ಲಿ ಬುಟ್ಟಿ, ಅದರ ಮೇಲೆ ಪೇಟ, ಹೆಗಲ ಮೇಲೆ ಶಾಲು ಹೊತ್ತು ವಕೀಲೆ ಮುಂದಿನ ಸೀಟಿನಲ್ಲಿ ಕೂತಿದ್ದಳು. ಇನ್ನು ಎಲ್ಲಿಗೂ ಹೋಗುವಂತಿರಲಿಲ್ಲ. ಚೇತನಕುಮಾರ ಅರ್ಧ ಇಂಗ್ಲಿಷ್, ಅರ್ಧ ಜರ್ಮನ್ ಬೆರೆಸಿ ಶುರುಮಾಡಿದ.

"ಮೇಡಂ, ನನ್ನದೊಂದು ಮನೆ ವಿಷಯ..."

"ಹೆರ್ ಕುಮಾರ್, ಮೊದಲು ವಿಳಾಸ ಹೇಳಿ. ಎದುರು ಕಕ್ಷಿ ಯಾರೆಂದು ಹೇಳಿ. ಅದು ತಿಳಿಯದೆ ನಾನು ಯಾರ ಕತೆಯನ್ನೂ ಕೇಳುವುದಿಲ್ಲ."

ಬಿಲ್ ಕಳಿಸುವುದಕ್ಕೇ ವಿಳಾಸ ಕೇಳುತ್ತಿದ್ದಾಳೆ ಎಂದು ಚೇತನಕುಮಾರ ಜಾಣತನದಿಂದ ಊಹಿಸಿದ. "ವಿಳಾಸ ಎಲ್ಲಿಗೆ ಹೋಗುತ್ತದೆ ಮೇಡಂ? ಮೊದಲು ವಿಷಯ ಕೇಳಿ. ನಮ್ಮಲ್ಲೊಂದು ಗ್ರೈಂಡರ್ ಇದೆ. ಇವತ್ತು ನೀವು ತಿಂದ ವಡೆ ಅದರದ್ದೇ."

"ವಡೆ ಚೆನ್ನಾಗಿತ್ತು. ಆದರೆ ದಯವಿಟ್ಟು ನಿಲ್ಲಿಸಿ."

"ಇಲ್ಲಿ ನಿಲ್ಲಿಸುವ ಹಾಗಿಲ್ಲ ಮೇಡಂ, ಬಸ್ ಸ್ಟಾಪು. ಭಾನುವಾರ ಬೆಳಿಗ್ಗೆ ಅದು ಸ್ವಲ್ಪ ಸದ್ದು ಮಾಡುತ್ತದೆ. ಒಪ್ಪಿಕೊಳ್ಳುತ್ತೇನೆ, ವಕೀಲರ ಹತ್ತಿರ ಮುಚ್ಚಿಡಬಾರದು. ಮಾಲೀಕ ಕೇಳಿದಾಗ ಮೇಲಿನ ಮನೆಯವರದ್ದು ಅಂದುಬಿಟ್ಟೆ. ಅವರಿಗೇನು, ಸರ್ಕಾರವೇ ಇನ್ನೊಂದು ಮನೆ ಕೊಡುತ್ತದೆ. ನಾವು ತೆರಿಗೆ ಕಟ್ಟುವವರು, ಎಲ್ಲಿಗೆ ಹೋಗುವುದು? ಮಂಗಳವಾರ ನೀವು ನನ್ನ ಪಕ್ಕದಲ್ಲಿ ಸುಮ್ಮನೆ ನಿಂತರೆ ಸಾಕು."

ವಕೀಲೆ ಅವನ ಕಡೆ ತಿರುಗಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು. "ನಿಮ್ಮ ಮನೆ ಲಿಂಡೆನ್ ರಸ್ತೆಯಲ್ಲಿದೆಯೆ? ಕೆಳಗೆ ಒಬ್ಬರು ವಯಸ್ಸಾದ ಹೆಂಗಸು?"

"ಅರೆ! ಹೇಗೆ ಗೊತ್ತಾಯಿತು ಮೇಡಂ?" ಚೇತನಕುಮಾರನಿಗೆ ಆಕೆಯ ಬುದ್ಧಿಶಕ್ತಿಯ ಬಗ್ಗೆ ಭಕ್ತಿಯೇ ಹುಟ್ಟಿತು.

"ಮೇಲಿನ ಮನೆಯ ಸಮೀರ್ ನನ್ನ ಕಕ್ಷಿದಾರ. ಮನೆಯಲ್ಲಿ ಎಳೆಗೂಸು ಇಟ್ಟುಕೊಂಡು, ಮಂಗಳವಾರದ ಮೇಲೆ ಎಲ್ಲಿಗೆ ಹೋಗುವುದೆಂದು ಹೆದರಿ ಶನಿವಾರ ಬಂದಿದ್ದ. ಸದ್ದು ನಮ್ಮದಲ್ಲ, ಯಾರದೆಂದು ಗೊತ್ತಿಲ್ಲ, ಪಕ್ಕದವರ ಮೇಲೆ ಹೇಳಲು ಮನಸ್ಸು ಬರುವುದಿಲ್ಲ ಎಂದ. ಆ ಸದ್ದನ್ನು ಎಲ್ಲಿ ಹುಡುಕುವುದೆಂದು ನಾನು ತಲೆ ಕೆಡಿಸಿಕೊಂಡಿದ್ದೆ. ನಿಮ್ಮನ್ನು ಎರಡು ಸಲ ತಡೆದೆ ಹೆರ್ ಕುಮಾರ್. ಕೋರ್ಟಿನಲ್ಲಿ ಸಾಕ್ಷಿಗಳ ಬಾಯಿ ಬಿಡಿಸಲು ನನಗೆ ಇಡೀ ದಿನ ಬೇಕಾಗುತ್ತದೆ."

ಸ್ಟೇಷನ್ ಬಂದಿತ್ತು. ಕಾರು ಹೇಗೆ ನಿಂತಿತೋ ಚೇತನಕುಮಾರನಿಗೆ ತಿಳಿಯಲಿಲ್ಲ.

"ಮೇಡಂ, ಸನ್ಮಾನ..." ಎಂದ, ಹೇಗೋ.

"ಎದುರು ಕಕ್ಷಿಯಿಂದ ನಾನು ಉಡುಗೊರೆ ಪಡೆಯುವಂತಿಲ್ಲ," ಎಂದು ವಕೀಲೆ ಶಾಲು ತೆಗೆದು ಮಡಿಸಿದಳು. ಬುಟ್ಟಿಯನ್ನು ಸೀಟಿನ ಮೇಲಿಟ್ಟಳು. ಬಾಗಿಲು ಹಾಕುವ ಮುಂಚೆ ಬಗ್ಗಿ, "ಇವತ್ತೇ ಮಾಲೀಕರಿಗೆ ಫೋನ್ ಮಾಡಿ ನಿಜ ಹೇಳಿ. ನೀವು ಹೇಳದಿದ್ದರೆ ಮಂಗಳವಾರ ನಾನು ಹೇಳುತ್ತೇನೆ," ಎಂದು ಹೇಳಿ ರೈಲಿಗೆ ನಡೆದಳು.

ಚೇತನಕುಮಾರ ಮನೆಯ ಕಡೆ ಕಾರು ತಿರುಗಿಸಿದ. ದಾರಿಯುದ್ದಕ್ಕೂ ಫೋನ್ ಮಾಡುವ ಧೈರ್ಯ ಕೂಡಿಸುತ್ತ, ಕೂಡಿಸಿದ್ದನ್ನು ಮುಂದಿನ ಸಿಗ್ನಲ್ಲಿನಲ್ಲಿ ಕಳೆದುಕೊಳ್ಳುತ್ತ ಬಂದ. ಕೈಯಲ್ಲಿ ಬುಟ್ಟಿ, ತೋಳಿನ ಮೇಲೆ ಶಾಲು. ಪೇಟಕ್ಕೆ ಜಾಗವಿಲ್ಲದೆ ಅದನ್ನು ತಲೆಯ ಮೇಲೇ ಇಟ್ಟುಕೊಂಡು ಮೆಟ್ಟಿಲು ಹತ್ತಿದ.

ಮೊದಲ ತಿರುವಿನಲ್ಲೇ ಸಮೀರ್ ಎದುರಾದ. ಮಗುವನ್ನು ಎದೆಗೆ ಕಟ್ಟಿಕೊಂಡಿದ್ದ. ಮುಖ ಅರಳಿತ್ತು.

"ಅಭಿನಂದನೆ, ಅಭಿನಂದನೆ! ನಿಮಗೆ ದೊಡ್ಡ ಮರ್ಯಾದೆ ಆಗಿದೆ!" ಎಂದು ಪೇಟ, ಶಾಲು ನೋಡಿ ಜರ್ಮನ್‌ನಲ್ಲಿ ಹೇಳುತ್ತ ಬುಟ್ಟಿಯ ಒಂದು ಬದಿಗೆ ಕೈ ಹಾಕಿದ. "ಒಬ್ಬರೇ ಹೊರಬೇಡಿ, ಹಿಡಿಯುತ್ತೇನೆ. ಗೊತ್ತಾ, ನಮಗೂ ಇವತ್ತು ಒಳ್ಳೆಯ ದಿನ. ವಕೀಲರು ಈಗ ತಾನೇ ರೈಲಿನಿಂದ ಫೋನ್ ಮಾಡಿದ್ದರು. ಸದ್ದು ಮಾಡುವವರು ಸಿಕ್ಕರಂತೆ. ಯಾರೆಂದು ಇನ್ನೂ ಹೇಳಲಿಲ್ಲ."

ಚೇತನಕುಮಾರ ಒಂದು ಮೆಟ್ಟಿಲು ತಪ್ಪಿ ಎಡವಿದ. ಸಮೀರ್ ಇನ್ನೊಂದು ಕೈಯಿಂದ ಅವನ ತೋಳು ಹಿಡಿದುಕೊಂಡ.

"ನನಗೆ ನಿಮ್ಮದೂ ಚಿಂತೆಯಿತ್ತು. ನಮ್ಮನ್ನು ಕಳಿಸಿದ ಮೇಲೆ ನಿಮ್ಮ ಮೇಲೂ ತಪ್ಪು ಹೊರಿಸಿಯಾರು ಎಂದು ಹೆಂಡತಿಗೆ ಹೇಳುತ್ತಿದ್ದೆ. ಇನ್ನು ಭಯವಿಲ್ಲ. ಮಂಗಳವಾರ ನೀವೂ ನಮ್ಮ ಪಕ್ಕ ನಿಲ್ಲಬೇಕು. ಬರುತ್ತೀರಲ್ಲ?"

ಚೇತನಕುಮಾರ "ಹೂಂ" ಎಂದ. ಬೇರೇನಾದರೂ ಹೇಳುವಷ್ಟು ಜರ್ಮನ್ ಅವನಿಗೆ ಬರುತ್ತಿರಲಿಲ್ಲ. ಆ ಗಳಿಗೆಯಲ್ಲಿ ಕನ್ನಡವೂ ಬರಲಿಲ್ಲ.