ನಮ್ಮ ಮನೆಗಷ್ಟೇ ಮುಳುಗುವ ಸೂರ್ಯ

ಎದೆ ಒಡೆಯಬಹುದಿತ್ತು. ಸೊಂಟ ಉಳುಕಬಹುದಿತ್ತು. ಬೈಠಕ್ ಹೊಡೆಯಲು ಕುಳಿತವನು ಮೇಲೇಳಲಾಗದೆ, ಮುದುರಿದ ಭಂಗಿಯಲ್ಲೇ ಜೀಪೇರಿ ಮಿರಜದ ದವಾಖಾನೆ ಸೇರಬಹುದಿತ್ತು. ಬೆಳಗಿನ ಓಟದಲ್ಲಿ ಅಥಣಿಯ ನಾಯಿಗಳೆಲ್ಲ ಒಗ್ಗಟ್ಟಾಗಿ ನನ್ನ ಮೀನಖಂಡ ಹಂಚಿಕೊಳ್ಳಬಹುದಿತ್ತು. ಕಬ್ಬಿನ ಟ್ರ್ಯಾಕ್ಟರಿಗೆ ಸಿಗಬಹುದಿತ್ತು. ಹಾಸಿಗೆಯಲ್ಲಿ ಮಲಗಿ ಇವನ್ನೆಲ್ಲ ಒಂದೊಂದಾಗಿ ಮುಂಚಿತವಾಗಿಯೇ ಅನುಭವಿಸಿ ಮುಗಿಸಿದ್ದೆ. ನಿಜವಾಗಿ ಆದದ್ದು ಇಷ್ಟೇ: ಸಂತೆಯಲ್ಲಿ ಬದನೆಕಾಯಿ ಆರಿಸಲು ಬಗ್ಗಿ ಎದ್ದಾಗ ನಾನೊಬ್ಬನೇ ಎದ್ದೆ, ಪ್ಯಾಂಟು ಏಳಲಿಲ್ಲ!

ಇದಕ್ಕೆಲ್ಲ ಕಾರಣ ನಮ್ಮ ಕಾಕಾ, ಅಂದರೆ ನಮ್ಮಪ್ಪನ ತಮ್ಮ. ಸಕ್ಕರೆ ಮಾರದೆ ಕಿರಾಣಿ ಅಂಗಡಿ ನಡೆಸಿದ ಏಕೈಕ ವ್ಯಾಪಾರಿ ಎಂಬ ಕೀರ್ತಿ ಅವರದು. ಅದೂ ಎಲ್ಲಿ? ಸುತ್ತ ಕಬ್ಬೇ ಬೆಳೆಯುವ ಅಥಣಿಯಲ್ಲಿ! ಅಂಗಡಿಯಲ್ಲಿ ಸಕ್ಕರೆ ಇರಲಿಲ್ಲವೆಂದಲ್ಲ. ಚೀಲಗಟ್ಟಲೆ ಇತ್ತು. ಆದರೆ ಗಿರಾಕಿಯ ಹೊಟ್ಟೆ ನೋಡಿ ಕೊಡುತ್ತಿದ್ದರು.

"ಕಾಕಾ, ಎರಡ ಕಿಲೋ ಸಕ್ಕರಿ ಕೊಡ್ರಿ."

"ಕೊಡೂದಿಲ್ಲ. ಒಮ್ಮೆ ತಲಿ ಬಗ್ಗಿಸಿ ನೋಡ್ಕೋ. ಕಾಲ ಕಾಣತಾವೇನು?"

"ಇಲ್ರಿ."

"ಕಾಣೂತನಕಾ ಬ್ಯಾಡ. ಹೆಸರಕಾಳ ಒಯ್ಯಿ."

ಗಿರಾಕಿ ನೇರವಾಗಿ ಎದುರಿನ ಅಂಗಡಿಗೆ ಹೋಗುತ್ತಿದ್ದ. ಪ್ರತಿ ದೀಪಾವಳಿಗೆ ಆ ಎದುರಿನ ಅಂಗಡಿಯವನು ಬಂದು ಕಾಕಾನ ಕಾಲಿಗೆ ಬೀಳುತ್ತಿದ್ದುದು ಸುಮ್ಮನೆಯೇ?

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ. ಎಂಬತ್ತರ ದಶಕದ ಕೊನೆಗೆ ಮಿರಜದ ಡಾಕ್ಟರು ನನ್ನ ರಕ್ತ ತಪಾಸಿಸಿ, "ಸಕ್ಕರೆ ಗಡಿಯಲ್ಲಿದೆ" ಎಂದರು. ಗಡಿಯ ಸೀಮೆಯವನಿಗೆ ಸಕ್ಕರೆಯೂ ಗಡಿಯಲ್ಲೇ ಇರಬೇಕೆ! ನಗಬಹುದಿತ್ತು, ಆದರೆ ನಗು ಬರಲಿಲ್ಲ. ನಮ್ಮಪ್ಪ ಐವತ್ತು ತುಂಬುವ ಮೊದಲೇ, ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತವರು ಕುಳಿತಲ್ಲೇ ಹೋಗಿದ್ದರು. ನಾನು ಆ ವಯಸ್ಸಿಗೆ ಹತ್ತಿರವಾಗುತ್ತಿದ್ದೆ. ಅದನ್ನು ದಾಟುತ್ತೇನೆಂಬ ಭರವಸೆ ನನಗಿರಲಿಲ್ಲ. ಯಾರ ಮುಂದೆಯೂ ಹೇಳದೆ, ಊಟ ಮುಗಿದೊಡನೆ ನಾಡಿ ಹಿಡಿದು ನೋಡಿಕೊಳ್ಳುವುದನ್ನು ಮಾತ್ರ ರೂಢಿ ಮಾಡಿಕೊಂಡಿದ್ದೆ.

ಡಾಕ್ಟರ ಮಾತು ಕಾಕಾನ ಕಿವಿಗೆ ಬಿದ್ದ ಮರುದಿನವೇ, ನಸುಕಿನಲ್ಲಿ ನಮ್ಮ ಬಾಗಿಲಲ್ಲಿ ಸೀಟಿ ಕೇಳಿಸಿತು. ಧೋತರ ಎತ್ತಿ ಕಟ್ಟಿ, ಸೈಕಲ್ ಹಿಡಿದು ಕಾಕಾ ನಿಂತಿದ್ದರು. ತರುಣರಿದ್ದಾಗ ಕೊಲ್ಹಾಪುರದ ತಾಲೀಮಿನಲ್ಲಿ ಪೈಲವಾನರಾಗಿದ್ದೆ ಎನ್ನುತ್ತಿದ್ದರು. ಅವರು ಕುಸ್ತಿ ಹಿಡಿದದ್ದನ್ನು ಕಂಡವರಿಲ್ಲ. ಅಖಾಡಕ್ಕೆ ಮಣ್ಣು ಹೊತ್ತದ್ದನ್ನು ಕಂಡವರಿದ್ದರು.

"ಓಡ್ಲೇ ಮಾಸ್ತರ!"

ಮುಂದೆ ನಾನು ಓಡುತ್ತಿದ್ದೆ, ಹಿಂದೆ ಕಾಕಾ ಸೈಕಲ್ ಮೇಲೆ ಸೀಟಿ ಊದುತ್ತ ಬರುತ್ತಿದ್ದರು. ಹಾಲಿನವನೊಬ್ಬ ಗಾಬರಿಯಾಗಿ, "ಯಾಕ್ರಿ ಸರ, ಏನ ಕದ್ದೀರಿ?" ಎಂದು ಕೂಗಿದ.

"ಆಯುಷ್ಯ ಕದಿಯಾಕ ಹೊಂಟಾನ!" ಕಾಕಾ ಹಿಂದಿನಿಂದ ಅರಚಿದರು. "ಹಿಡೀಬ್ಯಾಡ, ಬಿಡು!"

ಓಟವನ್ನಾದರೂ ಸಹಿಸಬಹುದಿತ್ತು. ಸಂಜೆಯ ಊಟವೇ ನಿಜವಾದ ಸಂಕಟ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣಬಾರದು. ನಾನು ಇದನ್ನು ಚಾತುರ್ಮಾಸಕ್ಕಷ್ಟೇ ಪಾಲಿಸಿ, ಉಳಿದ ತಿಂಗಳು ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿಗೆ ಅರ್ಪಿಸಿಕೊಂಡಿದ್ದೆ. "ನಮ್ಮ ಹಿರ್ಯಾರು ಹುಚ್ಚರೇನು? ಹೊತ್ತ ಮುಳಗಿದ ಮ್ಯಾಲ ಹೊಟ್ಟಿಗೂ ಸೂಟಿ!" ಎಂದು ಕಾಕಾ ವರ್ಷವಿಡೀ ಅದನ್ನೇ ಜಾರಿಗೆ ತಂದರು. ನಾನು ತಪ್ಪಿಸಿಕೊಳ್ಳಲು ಭೂಗೋಳದ ಮೊರೆ ಹೋದೆ.

"ಕಾಕಾ, ಸೂರ್ಯ ಮುಳಗೂದೇ ಇಲ್ರಿ. ಭೂಮಿ ತಿರಗತೈತಿ."

"ಭೂಮಿ ತಿರಗತೈತಿ, ಅದಕ್ಕ ತೆಳ್ಳಗೈತಿ. ನೀ ಯಾವಾಗ ತಿರಗಾಂವ?"

ಭೂಮಿ ತೆಳ್ಳಗಿದೆಯೆಂದು ಯಾವ ಪುಸ್ತಕದಲ್ಲಿದೆ? ಕೇಳುವ ಧೈರ್ಯವಾಗಲಿಲ್ಲ.

ಮಳೆಗಾಲ ಬಂತು. ಮೋಡದಲ್ಲಿ ಸೂರ್ಯ ಕಾಣದಾಗ ಹೊತ್ತು ಮುಳುಗಿತೆಂದು ತಿಳಿಯುವುದು ಹೇಗೆ? ಗಡಿಯಾರವನ್ನು ಕಾಕಾ ನಂಬುತ್ತಿರಲಿಲ್ಲ. ಹಿರಿಯರ ಉಪಾಯವೊಂದಿತ್ತು: ದೀಪವಿಲ್ಲದೆ ಅಂಗೈಯ ಗೆರೆ ಕಾಣುವವರೆಗೆ ಉಣ್ಣಬಹುದು. ದಿನಾಲೂ ಕಾಕಾ ನನ್ನ ತಾಟಿನ ಎದುರು ಕುಳಿತು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ನಾನು ಮೊದಲ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚುವುದರೊಳಗೆ, "ಗೆರಿ ಹೋದವು! ಕೈ ತೊಳಕೋ!" ಎಂದು ಸೀಟಿ ಊದುತ್ತಿದ್ದರು.

ಒಂದು ಸಂಜೆ ನನ್ನ ತಾಟು ಎತ್ತಿದ್ದೇ ತಡ, ಮೋಡ ಸರಿದು ಅಂಗಳದ ತುಂಬ ಬಿಸಿಲು ಬಿತ್ತು! ಪಶ್ಚಿಮಕ್ಕೆ ಸೂರ್ಯ ಇನ್ನೂ ಗಟ್ಟಿಮುಟ್ಟಾಗಿ ನಿಂತಿದ್ದ.

"ಕಾಕಾ, ಅದೇನ್ರಿ ಅದು?"

ಕಾಕಾ ಕಣ್ಣು ಕಿರಿದು ಮಾಡಿ ನೋಡಿದರು. "ಚಂದಪ್ಪ. ಸುಮ್ಮ ಕೂಡು."

ಆಗ ನನ್ನ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಕಾಕಾನ ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ, ಬಂದಿತ್ತು! ಊರಿಗೆಲ್ಲ ಹಗಲಿದ್ದಾಗ ನಮ್ಮ ಮನೆಗಷ್ಟೇ ಸೂರ್ಯ ಮುಳುಗುತ್ತಿದ್ದ. ಅವಳಿಗೆ ಇದು ಮೊದಲೇ ಗೊತ್ತಾಗಿತ್ತಂತೆ.

"ಗೊತ್ತಿದ್ರ ಹೇಳಬಾರದೇನು?" ಎಂದೆ.

"ನಿಮ್ಮ ಹೊಟ್ಟಿ ಇಳ್ಯಾಕತ್ತಿತ್ತು. ನಾ ಯಾಕ ಬಾಯಿ ಬಿಡ್ಲಿ?"

ನನ್ನ ಆರೋಗ್ಯವನ್ನು ಉದ್ಧರಿಸಿದ್ದು ವ್ಯಾಯಾಮವಲ್ಲ, ಧರ್ಮವೂ ಅಲ್ಲ, ಕಾಕಾನ ಮೋತಿಬಿಂದು! ಮುಂದೆ ಮಿರಜದಲ್ಲಿ ಅವರ ಕಣ್ಣಿನ ಆಪರೇಷನ್ ಆಯಿತು. ಇನ್ನು ಎರಡನೆಯ ರೊಟ್ಟಿ ಸಿಕ್ಕೀತೆಂದು ನಾನು ಆಸೆಪಟ್ಟೆ. ಕಪ್ಪು ಕನ್ನಡಕ ಹಾಕಿಕೊಂಡು ಬಂದ ಕಾಕಾ, "ಎಲ್ಲಾ ಕತ್ತಲಾತು, ಏಳು" ಎಂದರು.

ಹೀಗೆಯೇ ಅಪ್ಪನ ವಯಸ್ಸಿನ ಕೊನೆಯ ದಿನಕ್ಕೆ ನಾನು ಬಂದು ನಿಂತೆ. ಆ ದಿನ ಹೊದ್ದುಕೊಂಡು ಮನೆಯಲ್ಲೇ ಮಲಗಿದ್ದೆ. ಮರುದಿನ ಎಚ್ಚರವಾಯಿತು! ಕೈ ಹಿಡಿದು ನೋಡಿಕೊಂಡೆ, ನಾಡಿ ಇತ್ತು. ಆದರೆ ಹೊರಗೆ ಸೀಟಿಯ ಸದ್ದೇ ಇಲ್ಲ. ಕಾಕಾ ಬಿದ್ದರೇ? ಸೈಕಲ್ ಸಮೇತ ಗಟಾರ ಸೇರಿದರೇ? ನನಗೆ ಬರಬೇಕಾದದ್ದು ಅವರಿಗೆ ಬಂತೇ? ಚಪ್ಪಲಿ ಮೆಟ್ಟುವುದನ್ನೂ ಮರೆತು ಅಂಗಡಿಗೆ ಓಡಿದೆ.

ಕಾಕಾ ಗಲ್ಲೆಯ ಮೇಲೆ, ಹಣದ ಪೆಟ್ಟಿಗೆಯ ಹಿಂದಿನ ತಮ್ಮ ಗಾದಿಯಲ್ಲಿ, ಸುಮ್ಮನೆ ಕುಳಿತಿದ್ದರು.

"ಕಾಕಾ, ಇವತ್ತ ಓಡೂದಿಲ್ಲೇನ್ರಿ?"

ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಅಣ್ಣನ ವಯಸ್ಸಿನ ಲೆಕ್ಕ ನಿನ್ನೀಗೆ ಮುಗೀತು" ಎಂದರು.

ಅಂದರೆ ನಾನು ಒಳಗೊಳಗೇ ಎಣಿಸುತ್ತಿದ್ದುದನ್ನೇ ಅವರೂ ಎಣಿಸುತ್ತಿದ್ದರು.

"ಅಂವ ಕೂತು ಉಣ್ಣೂದ ದಿನಾ ನೋಡತಿದ್ನಿ. ದಮ್ಮ ಹತ್ತೂದೂ ನೋಡತಿದ್ನಿ. ಸಾಕ ಮಾಡ ಅಣ್ಣಾ, ಒಂದೀಟ ಅಡ್ಡ್ಯಾಡು ಅನ್ನಾಕ ಬಾಯಿ ಬರ್ಲಿಲ್ಲ. ಹಿರ್ಯಾಂವಗ ಹೆಂಗ ಹೇಳೂದು?" ಹೆಗಲ ಮೇಲಿನ ವಸ್ತ್ರದಿಂದ ಕನ್ನಡಕ ಒರೆಸಿದರು. ಅದು ಆಗಲೇ ಸ್ವಚ್ಛವಿತ್ತು. "ನೀ ಸಣ್ಣಾಂವ ಇದ್ದಿ, ಬೈದ್ನಿ. ಇವತ್ತಿಂದ ಅಣ್ಣಗಿಂತ ದೊಡ್ಡಾಂವ ಆದಿ. ಇನ್ನ ಹೆಂಗ ಬೈಲಿ?"

ಕಾಕಾ ಮೊಣಕಾಲ ಮೇಲೆ ಕೈಯೂರಿ, ಅಣ್ಣ ಬಂದಾಗ ತಮ್ಮ ಏಳುವ ಹಾಗೆ ಗಲ್ಲೆಯಿಂದ ಎದ್ದು ನಿಂತರು.

"ಬರ್ರಿ," ಎಂದರು, "ಕೂಡ್ರಿ."

ಕೂಡುವ ಧೈರ್ಯ ನನಗಾಗಲಿಲ್ಲ. ಅವರೂ ಕೂಡಲಿಲ್ಲ. ಖಾಲಿ ಗಲ್ಲೆಯ ಮುಂದೆ ಇಬ್ಬರೂ ನಿಂತೇ ಇದ್ದೆವು.