ಅಲ್ಲಾಡದವರ ಅಹವಾಲು: ಭವನದ ಚಾವಣಿಯ ಸೆನ್ಸರ್ ಅವರಿಗೆ

ಸಮುದಾಯ ಭವನದ ದೊಡ್ಡ ಕೊಠಡಿಯಲ್ಲಿ, ಟ್ಯೂಬ್‌ಲೈಟಿಗೂ ಗೋಡೆಗೂ ನಡುವಿನ ಮೂಲೆಯಲ್ಲಿ, ಸಾಬೂನು ಡಬ್ಬಿಯಷ್ಟೇ ಗಾತ್ರದ ನಿವಾಸದಲ್ಲಿದ್ದುಕೊಂಡು ನಮ್ಮೆಲ್ಲರ ಯೋಗಕ್ಷೇಮವನ್ನು ಒಂದೇ ಕೆಂಪು ಕಣ್ಣಿನಿಂದ ನೋಡಿಕೊಳ್ಳುತ್ತಿರುವ ಸೆನ್ಸರ್ ಅವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಮೊದಲು ತಮ್ಮ ಆರೋಗ್ಯ ವಿಚಾರಿಸುವುದು ನನ್ನ ಕರ್ತವ್ಯ. ತಾವು ಕ್ಷೇಮವಾಗಿಯೇ ಇದ್ದೀರೆಂದು ನಿನ್ನೆ ಕೆಳಗಿನಿಂದ ಕತ್ತೆತ್ತಿ ನೋಡಿ ಸಮಾಧಾನಪಟ್ಟುಕೊಂಡಿದ್ದೇನೆ. ತಮ್ಮ ಎಡಕ್ಕೆ ಒಂದು ಜೇಡ ಬಲೆ ನೇಯ್ದಿದೆ. ಅದು ತಮ್ಮ ಆಪ್ತ ಕಾರ್ಯದರ್ಶಿ ಇರಬಹುದೆಂಬ ಗೌರವದಿಂದ ಯಾರೂ ಅದನ್ನು ಗುಡಿಸಿಲ್ಲ. ನಾನು ಸಾಹಿತ್ಯದಲ್ಲಿ ಪದವಿ ಪಡೆದವಳು, ಎದುರು ನಿಂತು ಮಾತಾಡುವುದೆಂದರೆ ನಾಲಿಗೆ ಒಣಗುತ್ತದೆ, ಆದ್ದರಿಂದ ಪತ್ರ ಬರೆಯುತ್ತಿದ್ದೇನೆ. ಧೈರ್ಯ ಮಾಡಿದರೂ ತಮ್ಮ ಎದುರು ನಿಲ್ಲಬೇಕಾದರೆ ಏಣಿ ಬೇಕು. ಭವನಕ್ಕಿದ್ದ ಒಂದೇ ಏಣಿಯನ್ನು ತೊಲೆಯ ಮೇಲೆ ಸಿಕ್ಕಿಕೊಂಡ ಶಟಲ್ ತೆಗೆಯಲೆಂದು ಬ್ಯಾಡ್ಮಿಂಟನ್ ಬಳಗದವರು ಒಯ್ದಿದ್ದಾರೆ, ಮರಳಿಸಿಲ್ಲ.

ತಾವು ಈ ಪದವಿಗೆ ಬಂದ ಬಗೆ ತಮಗೇ ಗೊತ್ತಿಲ್ಲದಿರಬಹುದಾದ್ದರಿಂದ ಅರಿಕೆ ಮಾಡುತ್ತೇನೆ. ನಮ್ಮ ಮನರಂಜನಾ ಮಂಡಳಿಯ ಚೀಲ ಚಿಕ್ಕದು, ಅದಕ್ಕೆ ಕೈ ಹಾಕುವವರು ಬಹಳ. ಹಿಂದೆ ಯಾವ ಬಳಗಕ್ಕೆ ಎಷ್ಟು ಹೊತ್ತು ಕೊಠಡಿ, ಎಷ್ಟು ಅನುದಾನ ಎಂಬುದನ್ನು ಭವನದ ವ್ಯವಸ್ಥಾಪಕರೇ ಹೇಳುತ್ತಿದ್ದರು. ಅವರು ಸಜ್ಜನರು, ಆದರೆ ಅವರ ಭಾವಮೈದುನ ಬ್ಯಾಡ್ಮಿಂಟನ್ ಆಡುತ್ತಾನೆ, ನಾದಿನಿ ಹಾಡುವ ಬಳಗದಲ್ಲಿದ್ದಾಳೆ. ಅವರು ಯಾರ ಕಡೆ ತೀರ್ಪು ಕೊಟ್ಟರೂ ಊರಿನಲ್ಲಿ ಪಕ್ಷಪಾತಿ ಎನ್ನಿಸಿಕೊಳ್ಳುತ್ತಿದ್ದರು, ಮನೆಗೆ ಹೋದರೆ ತಣ್ಣಗಾದ ಊಟ ಮಾಡುತ್ತಿದ್ದರು. ಕಡೆಗೆ ಮಂಡಳಿಯವರು ಸಮಾನತೆಯ ಕುರಿತು ದೀರ್ಘವಾಗಿ ಚಿಂತಿಸಿ, ಬಂಧುಬಳಗವೇ ಇಲ್ಲದ ಒಬ್ಬ ಅಧಿಕಾರಿಯನ್ನು ಹುಡುಕಿ, ನಾಲ್ಕು ಸ್ಕ್ರೂ ಹಾಕಿ ಚಾವಣಿಗೆ ಕೂರಿಸಿದರು. ಆ ಅಧಿಕಾರಿ ತಾವೇ. ಯಾವ ಬಳಗ ಎಷ್ಟು ಅಲ್ಲಾಡುತ್ತದೆಂದು ತಾವು ನೋಡುವುದು, ಅಲ್ಲಾಡಿದಷ್ಟು ಅನುದಾನ ಕೊಡುವುದು, ಎಲ್ಲರಿಗಿಂತ ಕಡಿಮೆ ಅಲ್ಲಾಡಿದ ಬಳಗವನ್ನು ಹೊರಗೆ ಹಾಕುವುದು ಎಂದು ನಿಯಮವಾಯಿತು. ಇದಕ್ಕಿಂತ ಸರಳವಾದ ನ್ಯಾಯವನ್ನು ನಾನು ಯಾವ ಗ್ರಂಥದಲ್ಲೂ ಓದಿಲ್ಲ.

ತಮ್ಮ ನ್ಯಾಯದೃಷ್ಟಿಗೆ ಮೊದಲು ಸಿಕ್ಕಿದವರು ಬ್ಯಾಡ್ಮಿಂಟನ್ ಬಳಗದವರು. ಅವರಿಗೆ ಕಾರುಗಳಿವೆ, ಪೇಟೆಯ ಆಚೆ ಅವರದೇ ಇನ್ನೊಂದು ಕ್ಲಬ್ಬಿದೆ, ಮೊಣಕಾಲುಗಳೂ ಸುಸ್ಥಿತಿಯಲ್ಲಿವೆ. ಇಷ್ಟೆಲ್ಲ ಇರುವವರಿಗೆ ನುಣ್ಣನೆಯ ಹೊಸ ನೆಲವೊಂದೇ ಕೊರತೆಯಾಗಿತ್ತು, ಅದನ್ನು ತಾವು ನೀಗಿಸಿದಿರಿ. ಹಾಡುವ ಬಳಗದವರು ಬುದ್ಧಿವಂತರು, ಮರುವಾರದಿಂದಲೇ ತೂಗಾಡಿಕೊಂಡು ಹಾಡತೊಡಗಿದರು. ಈಗ ಶೋಕಗೀತೆಯನ್ನೂ ತೊನೆದಾಡುತ್ತಲೇ ಹಾಡುತ್ತಾರೆ. ಕೂಸುಗಳ ಆರೈಕೆಯ ಬಳಗದಲ್ಲಿ ಮಕ್ಕಳು ಒಟ್ಟಿಗೆ ನಿದ್ದೆ ಹೋದ ದಿನ ಅನುದಾನ ಕುಸಿಯಿತೆಂದು, ಈಗ ಅವರನ್ನು ಸರದಿಯ ಮೇಲೆ ಎಬ್ಬಿಸಿ ಅಳಿಸುತ್ತಾರೆಂದು ಕೇಳಿದ್ದೇನೆ. ಉಳಿದವರು ನಾವು, ಮಂಗಳವಾರ ಮಧ್ಯಾಹ್ನದ ಚದುರಂಗದ ಬಳಗ.

ನಮ್ಮ ಬಳಗದ ಮುಖ್ಯಸ್ಥೆ ನನ್ನ ದೊಡ್ಡಮ್ಮ. ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು, ಅವರ ಪಿಸುಮಾತು ಈಗಲೂ ಹಿಂದಿನ ಸೀಟಿನವರೆಗೆ ಕೇಳಿಸುತ್ತದೆ. ಅವರ ಎದುರಾಳಿಯನ್ನು ನಾವೆಲ್ಲ ಶಿಲೆ ಮಾವ ಎನ್ನುತ್ತೇವೆ. ಅವರು ಕ್ಷೌರದಂಗಡಿ ಇಟ್ಟಿದ್ದವರು. ಕುರ್ಚಿಗೆ ಬಂದು ಕೂತವರೊಡನೆಲ್ಲ ಹವೆ, ಚುನಾವಣೆ, ಹೊಟ್ಟೆನೋವು ಎಂದು ಒಂದು ಆಯುಷ್ಯಕ್ಕಾಗುವಷ್ಟು ಮಾತಾಡಿ ಮುಗಿಸಿ, ಈಗ ಸುಮ್ಮನಿರುವುದರಲ್ಲಿ ಸುಖ ಕಂಡಿದ್ದಾರೆ. ಒಂದು ಕಾಲಾಳನ್ನು ಮುಂದಿಡಬೇಕಾದರೂ ಅವರಿಗೆ ಅರ್ಧ ಮಧ್ಯಾಹ್ನ ಬೇಕು. ಒಮ್ಮೆ ಅವರ ಬೋಳುತಲೆಯ ಮೇಲೆ ನೊಣ ಕೂತು, ಕಾಲು ಉಜ್ಜಿ, ಬೇಸರ ಬಂದು ತಾನಾಗಿ ಎದ್ದು ಹೋಯಿತು. ಮಗಳ ಮನೆಯಲ್ಲಿ ಅವಳಿ ಮೊಮ್ಮಕ್ಕಳಿದ್ದಾರೆ. ಅಲ್ಲಿ ಹಲಗೆ ಬಿಡಿಸಿದರೆ ಕುದುರೆ ಒಬ್ಬನ ಬಾಯಿಗೆ, ಒಂಟೆ ಇನ್ನೊಬ್ಬನ ಮೂಗಿಗೆ. ವಾರಕ್ಕೊಮ್ಮೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮನೆಯ ಹೊಸಿಲು ದಾಟುವುದು ಈ ಆಟಕ್ಕಾಗಿ ಮಾತ್ರ. ಇದನ್ನು ಅವರು ಹೇಳಿದ್ದಲ್ಲ, ಅವರ ಮಗಳು ದೊಡ್ಡಮ್ಮನ ಬಳಿ ಹೇಳಿದ್ದು: "ಅಕ್ಕಾ, ಅದೊಂದು ನಿಂತ್ರೆ ಅಪ್ಪ ಮಂಚ ಬಿಟ್ಟು ಏಳಲ್ಲ. ನೀವು ಸೋಲ್ತಾನೇ ಇರಿ, ಪರವಾಗಿಲ್ಲ." ದೊಡ್ಡಮ್ಮನಿಗೆ ಮೊದಲ ಮಾತಿಗೆ ಕಣ್ಣು ಒದ್ದೆಯಾಯಿತು, ಎರಡನೆಯದಕ್ಕೆ ಸಿಟ್ಟು ಬಂತು.

ಮಾನ್ಯರೇ, ತಾವು ಬರಿಯ ಲೆಕ್ಕವಿಟ್ಟು ಸುಮ್ಮನಿರುವವರಲ್ಲ. ಯಾರೂ ಅಲ್ಲಾಡದಿದ್ದರೆ ಕೊಠಡಿಯಲ್ಲಿ ಯಾರೂ ಇಲ್ಲವೆಂದು ತೀರ್ಮಾನಿಸಿ ದೀಪ ಆರಿಸುವ ಹೊಣೆಯನ್ನೂ ಹೊತ್ತಿದ್ದೀರಿ. ಬ್ಯಾಡ್ಮಿಂಟನ್ ಶಟಲಿಗೆ ಗಾಳಿ ತಗಲಬಾರದೆಂದು ಕಿಟಕಿಗಳನ್ನು ಮುಚ್ಚಿಯೇ ಇಡುವುದರಿಂದ, ತಾವು ಕಣ್ಣು ಮುಚ್ಚಿದರೆ ನಮಗೆ ಹಾಡಹಗಲೇ ಅಮಾವಾಸ್ಯೆ. ಶಿಲೆ ಮಾವ ಯೋಚನೆಗೆ ಬಿದ್ದರೆಂದರೆ ದೀಪ ಹೋಯಿತೆಂದೇ ಅರ್ಥ. ಕತ್ತಲಲ್ಲಿ ಎಲ್ಲರೂ ಎದ್ದು ಕೈ ಬೀಸುವುದು, ಯಾರದೋ ಮೊಣಕೈ ತಗಲಿ ಹಲಗೆ ಉರುಳುವುದು, ಬೆಳಕು ಬಂದ ಮೇಲೆ ಜಗಳ. "ನನ್ನ ಆನೆ ಈ ಮೂಲೇಲಿತ್ತು." "ಇತ್ತು, ಹೋದ ವಾರ." ಪಕ್ಕದ ಮೇಜಿನ ಗಣಿತದ ಮೇಷ್ಟ್ರು ಕತ್ತಲಲ್ಲಿ ಎರಡು ಸಲ ರಾಜನನ್ನೇ ಕಳೆದುಕೊಂಡರೂ ಆಟ ಗೆದ್ದರು. ಇದಕ್ಕೆ ತಾವೊಬ್ಬರೇ ಸಾಕ್ಷಿ, ಆಗ ತಾವೂ ಕಣ್ಣು ಮುಚ್ಚಿದ್ದಿರಿ.

ಹೀಗಿರುವಾಗ ಬಾಗಿಲಿಗೆ ಚೀಟಿ ಅಂಟಿಸಿದರು: ನಮ್ಮದೇ ಎಲ್ಲರಿಗಿಂತ ಕಡಿಮೆ ಚಲನೆಯ ಬಳಗ, ಹೀಗೇ ಮುಂದುವರಿದರೆ ಮಂಗಳವಾರವನ್ನು ಬೇರೆಯವರಿಗೆ ಕೊಡಲಾಗುವುದು. ದೊಡ್ಡಮ್ಮ ಚೀಟಿಯನ್ನು ಕಿತ್ತುಕೊಂಡೇ ವ್ಯವಸ್ಥಾಪಕರ ಮೇಜಿನ ಮುಂದೆ ನಿಂತರು, ನಾನು ಅವರ ಬೆನ್ನ ಹಿಂದೆ ನಿಂತೆ. ವ್ಯವಸ್ಥಾಪಕರು ಎದ್ದು ಕುರ್ಚಿ ಕೊಟ್ಟು, "ನನ್ ಕೈಲೇನಿದೆ ಹೇಳಿ ಅಮ್ಮಾ. ಮೊದ್ಲು ನನ್ನ ಬೈತಿದ್ರಿ, ಈಗ ಬೈಯೋಕೆ ನಾನೇ ಇಲ್ಲ. ಸ್ವಲ್ಪ ಅಲ್ಲಾಡಿ, ಅಷ್ಟೇ," ಎಂದರು. "ಚದುರಂಗ ಆಡೋರು ಅಲ್ಲಾಡೋದು ಸೋತಾಗ ಮಾತ್ರ ಕಣಪ್ಪಾ," ಎಂದರು ದೊಡ್ಡಮ್ಮ. "ಹಾಗಾದ್ರೆ ಬೇಗ ಬೇಗ ಸೋಲಿ," ಎಂದು ಅವರು ಕೈಮುಗಿದರು.

ಆಮೇಲೆ ನಡೆದುದನ್ನು ತಾವು ಕಣ್ಣಾರೆ ಕಂಡಿದ್ದೀರಿ. ನಡೆ ನಡೆಸಿದವರು ಎದ್ದು ಎರಡು ಕೈಯೆತ್ತಿ ಒಂದು ಸುತ್ತು ತಿರುಗಿ ಕೂರಬೇಕು. ಕಾಯಿ ಹೊಡೆದವರು ಅದನ್ನು ತಲೆಯ ಮೇಲೆ ಹಿಡಿದು ಕೊಠಡಿಯನ್ನು ಬಳಸಿ ಬರಬೇಕು. ಚೆಕ್ ಕೊಡುವುದಾದರೆ ಕುಪ್ಪಳಿಸಿಯೇ ಕೊಡಬೇಕು. ದೊಡ್ಡಮ್ಮ ಪ್ರತಿ ಚೆಕ್ಕಿಗೂ ಅಭ್ಯಾಸಬಲದಿಂದ "ರೈಟ್, ರೈಟ್" ಎಂದು ಗೋಡೆ ಬಡಿಯುತ್ತಿದ್ದರು. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಒಮ್ಮೆಯೂ ಕೈ ಎತ್ತದೆ ಪದವಿ ಮುಗಿಸಿದ ನನ್ನನ್ನು ತಮ್ಮ ಕಣ್ಣಿನ ನೇರಕ್ಕೆ ನಿಲ್ಲಿಸಿ, ಕೈಗೊಂದು ಟವೆಲ್ ಕೊಟ್ಟು, "ಓದಿದ್ದೀಯ, ಬೀಸು," ಎಂದರು. ಶಿಲೆ ಮಾವ ಮಾತ್ರ ಅಲ್ಲಾಡಲು ಒಪ್ಪಲಿಲ್ಲ, ಒಪ್ಪುವುದಿಲ್ಲವೆಂದು ಹೇಳಲೂ ಇಲ್ಲ. ಅವರನ್ನು ಕಚೇರಿಯ ತಿರುಗುಕುರ್ಚಿಯಲ್ಲಿ ಕೂರಿಸಿ, ಮೇಷ್ಟ್ರು ಆಗಾಗ ಬಂದು ಮೆಲ್ಲಗೆ ಒಂದು ಸುತ್ತು ತಿರುಗಿಸಿ ಹೋಗುತ್ತಿದ್ದರು. ಬೆನ್ನು ಹಲಗೆಗಾದಾಗ ಅವರು ಕಣ್ಣು ಮುಚ್ಚುತ್ತಿದ್ದರು, ಮುಖ ಹಲಗೆಗಾದಾಗ ತೆರೆಯುತ್ತಿದ್ದರು. ಯೋಚನೆಗೆ ಮಾತ್ರ ಭಂಗವಿರಲಿಲ್ಲ. ಹಾಗೆ ತಿರುಗುತ್ತಲೇ ದೊಡ್ಡಮ್ಮನ ಮಂತ್ರಿಯನ್ನು ಹೊಡೆದರು.

ನಾವು ಬಯಸಿದ್ದು ಕೊನೆಯ ಸ್ಥಾನದಿಂದ ಒಂದು ಮೆಟ್ಟಿಲು ಮೇಲೆ ಬರುವುದನ್ನಷ್ಟೇ. ತಾವು ಉದಾರಿಗಳು, ನಮ್ಮನ್ನು ಮೊದಲ ಸ್ಥಾನಕ್ಕೇರಿಸಿದಿರಿ. ಬ್ಯಾಡ್ಮಿಂಟನ್ ಬಳಗದ ಕಾರ್ಯದರ್ಶಿ ಬಾಗಿಲ ಸಂದಿಯಿಂದ ಇಣುಕಿ ನೋಡಿ, "ಇವ್ರು ಏನ್ ತಿಂತಾರೆ?" ಎಂದು ವ್ಯವಸ್ಥಾಪಕರನ್ನು ಕೇಳಿದರಂತೆ. ಮಂಡಳಿಯ ಅಧ್ಯಕ್ಷರು ಖುದ್ದಾಗಿ ಬಂದು, ಹಿರಿಯರ ಚುರುಕು ವ್ಯಾಯಾಮದಲ್ಲಿ ನಾವು ಮಾದರಿಯೆಂದು ಹೊಗಳಿ, ದೊಡ್ಡಮ್ಮನ ಕೈಗೆ ಹೂಗುಚ್ಛ ಕೊಟ್ಟರು. "ಸ್ವಾಮೀ, ನಾವು ಆಡೋದು ಚದುರಂಗ," ಎಂದು ದೊಡ್ಡಮ್ಮ ಹೇಳಿದ್ದನ್ನು ಅವರು ವಿನಯವೆಂದು ತಿಳಿದರು. ಮುಂದಿನ ಮಂಗಳವಾರದ ಹೊತ್ತಿಗೆ ಅನುದಾನ ಬಂದೇಬಿಟ್ಟಿತು: ಗೋಡೆಯುದ್ದಕ್ಕೂ ಕನ್ನಡಿ, ಎದೆ ನಡುಗಿಸುವ ಸ್ಪೀಕರ್, ಹಸಿರು ಬಿಗಿ ಉಡುಪಿನ ಒಬ್ಬ ತರಬೇತುದಾರ. ವ್ಯಾಯಾಮಕ್ಕೆ ಅಡ್ಡಿಯೆಂದು ನಮ್ಮ ಮೇಜು, ಕುರ್ಚಿ, ಹಲಗೆಗಳನ್ನು ಹೊರಗೆ ಸಾಗಿಸಿದ್ದರು, ತಿರುಗುಕುರ್ಚಿಯನ್ನೂ ಬಿಡಲಿಲ್ಲ.

ತರಬೇತುದಾರ ಒಳ್ಳೆಯ ಹುಡುಗ, ಆ ಮಾತು ಬೇರೆ. "ಅಜ್ಜಿ, ಮೊಣಕಾಲು ಎದೆಗೆ ತನ್ನಿ," ಎಂದ. "ಎದೇನೇ ಮೊಣಕಾಲಿಗೆ ಬಂದಿದೆ, ಸಾಲದಾ?" ಎಂದರು ದೊಡ್ಡಮ್ಮ. ಶಿಲೆ ಮಾವ ಇಸ್ತ್ರಿ ಅಂಗಿಯಲ್ಲಿ ಕನ್ನಡಿಯ ಮುಂದೆ ನಿಂತು, ತಮ್ಮದೇ ತಲೆಗೂದಲನ್ನು ಹುಡುಕುವವರಂತೆ ಸ್ವಲ್ಪ ಹೊತ್ತು ನೋಡಿಕೊಂಡು, ಬಾಗಿಲು ಎಳೆದುಕೊಂಡು ಹೊರಟುಹೋದರು. ಮರುವಾರ ಬರಲಿಲ್ಲ. ಅದರ ಮರುವಾರವೂ ಬರಲಿಲ್ಲ. ಅವರು ಬಾರದಿರುವುದು ತಮ್ಮ ಗಮನಕ್ಕೆ ಬಂದಿರಲಾರದು. ತಮ್ಮ ಪ್ರಕಾರ ಅವರು ಎಂದೂ ಬಂದೇ ಇರಲಿಲ್ಲವಲ್ಲ.

ಆದ್ದರಿಂದ ಕೆಲವು ವಿನಂತಿಗಳು. ಯೋಚನೆಯನ್ನು ಗುರುತಿಸುವ ವಿದ್ಯೆಯನ್ನು ತಾವು ದಯವಿಟ್ಟು ಕಲಿಯಬೇಕು. ಕಷ್ಟವೇನಲ್ಲ, ಹುಬ್ಬಿನ ನಡುವೆ ಒಂದು ಗೆರೆ ಬೀಳುತ್ತದೆ, ಕಿವಿಯ ತುದಿ ಕೆಂಪಾಗುತ್ತದೆ. ಅದಾಗದಿದ್ದರೆ ಮಂಗಳವಾರ ಊಟದ ಮೇಲೆ ಒಂದಿಷ್ಟು ತೂಕಡಿಸಬಹುದು, ಬೇರೆ ಅಧಿಕಾರಿಗಳಿಗೆ ಈ ಸೌಲಭ್ಯ ಮೊದಲಿನಿಂದಲೂ ಇದೆ. ಅದೂ ಆಗದಿದ್ದರೆ ತಾವು ಮದುವೆಯಾಗಿ ಒಬ್ಬ ಭಾವಮೈದುನನನ್ನಾದರೂ ಪಡೆಯಬೇಕು. ಪಕ್ಷಪಾತಿಯಾದ ಮನುಷ್ಯನ ಮನೆಗೆ ಹೋಗಿ ಗೋಗರೆಯಬಹುದು, ಅತ್ತು ಕರೆದು ಮನಸ್ಸು ಕರಗಿಸಬಹುದು. ಪಕ್ಷಪಾತವೇ ಇಲ್ಲದವರ ಮುಂದೆ ಟವೆಲ್ ಬೀಸುವುದನ್ನು ಬಿಟ್ಟು ಬೇರೇನು ಮಾಡಬೇಕೆಂದು ನಮಗೆ ಯಾರೂ ಕಲಿಸಿಲ್ಲ.

ಈ ವಿನಂತಿಗಳನ್ನು ಬರೆದು ಮುಗಿಸಿದ ಮರುದಿನ, ಬುಧವಾರ ಬೆಳಿಗ್ಗೆ, ಮರೆತುಬಂದ ಕೊಡೆಗಾಗಿ ಭವನಕ್ಕೆ ಹೋಗಿದ್ದೆ. ಕೊಠಡಿಯಲ್ಲಿ ದೀಪ ಉರಿಯುತ್ತಿತ್ತು, ಒಳಗೆ ಯಾರೂ ಇರಲಿಲ್ಲ. ಮೇಜು ಕುರ್ಚಿಗಳೆಲ್ಲ ತಮ್ಮ ಜಾಗಕ್ಕೆ ಮರಳಿದ್ದವು. ನೆಲ ಒರೆಸುವಾಕೆ ಒದ್ದೆ ಆರಲೆಂದು ಒಂದು ಕಿಟಕಿ ತೆರೆದು ಹೋಗಿದ್ದಳು, ಅದರ ಪರದೆ ಗಾಳಿಗೆ ಹಾರುತ್ತಿತ್ತು, ತಾವು ಅದನ್ನೇ ನೋಡುತ್ತಿದ್ದಿರಿ. ಈ ಹೊತ್ತು ಯಾರದೆಂದು ವ್ಯವಸ್ಥಾಪಕರನ್ನು ಕೇಳಿದೆ. ಗಟ್ಟಿಯಾಗಿ ಕೇಳಲು ಮೂರು ಸಲ ಬೇಕಾಯಿತು. "ಅದಾ? ಬುಧವಾರ ಬೆಳಗಿನ ಬಳಗದ್ದು. ಬಹಳ ಚುರುಕಾದ ಜನ, ಪ್ರತಿ ವಾರ ಚಲನೆ ಲೆಕ್ಕ ಚೆನ್ನಾಗಿ ಬರತ್ತೆ. ನಾನಿನ್ನೂ ಯಾರನ್ನೂ ನೋಡಿಲ್ಲ," ಎಂದರು.

ಮುಂದಿನ ಬುಧವಾರ ದೊಡ್ಡಮ್ಮ ಶಿಲೆ ಮಾವನ ಮನೆಯ ಬಾಗಿಲಲ್ಲಿ ನಿಂತು, "ಹತ್ತಿ ಹತ್ತಿ, ಸೀಟ್ ಖಾಲಿ ಇದೆ," ಎಂದು ಕೂಗಿದರು. ಅವರು ಅಂಗಿ ಇಸ್ತ್ರಿ ಮಾಡುವವರೆಗೂ ಕಾದು ಕರೆತಂದರು. ಕೊಠಡಿಗೆ ಬಂದು ಪರದೆಯ ಅಂಚು ಹಿಡಿದು, "ಒಂದು ಮೂಲೇಲಿ ಕೂತ್ಕೋತೀವಮ್ಮಾ, ನಿನ್ನ ವ್ಯಾಯಾಮಕ್ಕೆ ಅಡ್ಡ ಬರಲ್ಲ," ಎಂದು ಅಪ್ಪಣೆ ಕೇಳಿದರು. ಅದು ಆಗಲೆಂಬಂತೆ ಆಡಿತು. ಆ ಬೆಳಿಗ್ಗೆ ನಮ್ಮಲ್ಲಿ ಯಾರೂ ಕೈ ಎತ್ತಲಿಲ್ಲ, ಕುಪ್ಪಳಿಸಲಿಲ್ಲ. ದೀಪ ಒಮ್ಮೆಯೂ ಆರಲಿಲ್ಲ. ಶಿಲೆ ಮಾವ ಹಲಗೆಯನ್ನು ನೋಡುತ್ತಾ ನೋಡುತ್ತಾ, ಒರೆಸಿದ ನೆಲ ಪೂರ್ತಿ ಒಣಗಿದ ಮೇಲೆ, ಒಂದು ಕಾಲಾಳನ್ನು ಒಂದು ಮನೆ ಮುಂದಿಟ್ಟರು.

"ಇಷ್ಟಕ್ಕೆ ಇಷ್ಟು ಹೊತ್ತಾ?" ಎಂದರು ದೊಡ್ಡಮ್ಮ.

"ಯಾಕೇಂತ ಮುಂದಿನ ಬುಧವಾರ ಗೊತ್ತಾಗತ್ತೆ," ಎಂದರು ಶಿಲೆ ಮಾವ.

ತಮ್ಮ ಕಣ್ಣಿಗೆ ಈವರೆಗೆ ಬೀಳದಿದ್ದರೂ ತಮ್ಮನ್ನೇ ನಂಬಿ ನಿಂತ,
ತಮ್ಮ ವಿಶ್ವಾಸಿ,
ಚದುರಂಗದ ಬಳಗದ ಟವೆಲ್ ಬೀಸುವವಳು

ಮರೆತ ಮಾತು: ಇದು ಬಹಿರಂಗ ಪತ್ರವಾದ್ದರಿಂದ ಮಂಡಳಿಯವರೂ ಓದಿ, ಬುಧವಾರದ ಕಿಟಕಿ ಮುಚ್ಚಿಸಬೇಕೆಂದು ಯೋಚಿಸಬಹುದು. ಅವರು ತಮ್ಮ ಮಾಸಿಕ ಸಭೆ ನಡೆಸುವುದೂ ಇದೇ ಕೊಠಡಿಯಲ್ಲಿ. ಹೋದ ಸಭೆಯಲ್ಲಿ, ಸಮಾನತೆಯ ಕುರಿತ ಚರ್ಚೆಯ ನಡುವೆ, ತಾವು ಯಾರೂ ಇಲ್ಲವೆಂದು ಬಗೆದು ದೀಪ ಆರಿಸಿದಿರಂತೆ. ಚಹಾ ತಂದವನು ಬಾಗಿಲು ತೆರೆಯುವವರೆಗೂ ಸದಸ್ಯರಲ್ಲಿ ಯಾರೂ ಅದನ್ನು ಗಮನಿಸಲಿಲ್ಲವಂತೆ. ಎಲ್ಲರಿಗಿಂತ ಕಡಿಮೆ ಅಲ್ಲಾಡುವ ಬಳಗದ ಹೊತ್ತನ್ನು ಬೇರೆಯವರಿಗೆ ಕೊಡಬೇಕೆಂಬ ನಿಯಮದಲ್ಲಿ ತಾವು ಇವರ ಮುಖ ನೋಡಿ ಸಡಿಲಿಕೆ ತೋರಬಾರದಾಗಿ ಪ್ರಾರ್ಥನೆ. ಆ ಹೊತ್ತನ್ನು ಪರದೆಗೇ ಕೊಟ್ಟರೂ ನಮ್ಮ ಅಭ್ಯಂತರವಿಲ್ಲ. ಅದಕ್ಕೆ ಗಾಳಿ ಯಾವ ಕಡೆಯಿಂದ ಬರುತ್ತಿದೆಯೆಂದಾದರೂ ಗೊತ್ತಾಗುತ್ತದೆ.