ಬೋಳುತಲೆಯ ಕ್ಷೌರ

ನಮ್ಮ ಅಣ್ಣನ ತಲೆಯಲ್ಲಿ ಹೆಸರಿಗೂ ಒಂದು ಕೂದಲಿರಲಿಲ್ಲ. ಆದರೂ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲ್ಲೂಕು ಜಾಲಾಡಿದರೂ ಅವನಷ್ಟು ನೇಮದಿಂದ ಕ್ಷೌರಕ್ಕೆ ಹೋದ ಮನುಷ್ಯ ಇನ್ನೊಬ್ಬ ಸಿಗಲಾರ! ಮೂವತ್ತು ತುಂಬುವುದರೊಳಗೆ ಅವನ ತಲೆ ತಿಕ್ಕಿ ತೊಳೆದ ಹಂಡೆಯಂತಾಗಿತ್ತು. ಅವನು ಬಿಸಿಲಿಗೆ ನಿಂತರೆ ಎದುರಿನವರು ಕಣ್ಣು ಕಿರಿದು ಮಾಡಿಕೊಳ್ಳುತ್ತಿದ್ದರು. ಇಂಥವನಿಗೆ ಕ್ಷೌರದ ಹುಚ್ಚು ಹತ್ತಿದ್ದು ಹೇಗೆ? ಅದಕ್ಕೆ ಕಾರಣ ನಾನು, ಅಂದರೆ ನನ್ನ ತಲೆ.

ಹತ್ತಿಮತ್ತೂರಿನ ಆಚೆಯ ಸಣ್ಣ ಊರು ನಮ್ಮದು. ಊರು ಹೊಗುವ ಅಗಸಿ ಬಾಗಿಲ ಪಕ್ಕದಲ್ಲಿ ಒಂದು ಕ್ಷೌರದಂಗಡಿ. ಅದರಲ್ಲಿ ಹುಬ್ಬಳ್ಳಿಯಿಂದ ತಂದ ಒಂದು ಕುರ್ಚಿ, ಒಂದು ಕನ್ನಡಿ. ನಮ್ಮ ಕೇರಿಯವರು ಆ ಕುರ್ಚಿಯಲ್ಲಿ ಕೂರುವಂತಿಲ್ಲ, ಆ ಕತ್ತರಿ ನಮ್ಮ ತಲೆ ಮುಟ್ಟುವಂತಿಲ್ಲ. ಊರ ಹಿರಿಯರ ಕಟ್ಟಳೆ ಅದು. ರಾಜ್ಯ ಒಂದಾದ ಹೊಸತು. ಅಸ್ಪೃಶ್ಯತೆ ಅಪರಾಧವೆಂದು ದಿಲ್ಲಿಯಲ್ಲಿ ಕಾನೂನೇನೋ ಆಗಿತ್ತು. ಆ ಕಾನೂನು ಸವಣೂರಿನ ತನಕ ಬಂದು, ಮುಂದೆ ಬಸ್ಸಿಲ್ಲದ್ದರಿಂದ ಅಲ್ಲೇ ಉಳಿದುಕೊಂಡಿತ್ತು!

ಹೀಗಾಗಿ ಕೇರಿಯವರ ಕೂದಲು ಕತ್ತರಿಸುವ ಹೊಣೆ ಅಣ್ಣನದು. ಆಯುಧ, ಕುರಿಯ ಉಣ್ಣೆ ತೆಗೆಯುವ ಕತ್ತರಿ. ಅವನ ಕೈಯಿಂದ ಪಾರಾಗಿ ಬಂದ ತಲೆ ಜೋಳ ಕೊಯ್ದ ಹೊಲದಂತೆ ಕಾಣುತ್ತಿತ್ತು. ಅಲ್ಲಲ್ಲಿ ಕೊಯ್ಯಲು ಮರೆತ ಸಾಲುಗಳೂ ಇರುತ್ತಿದ್ದವು. ನಾನು ಆಗಷ್ಟೇ ಮುಲ್ಕಿ ಪರೀಕ್ಷೆ ಪಾಸಾಗಿ ಪಕ್ಕದ ಊರಿನಲ್ಲಿ ಮಾಸ್ತರನಾಗಿದ್ದೆ. ಬೋರ್ಡಿನ ಕಡೆ ತಿರುಗಿದರೆ ಸಾಕು, ಬೆನ್ನ ಹಿಂದೆ ಕಿಸಿಕಿಸಿ ನಗು. ಮದುವೆ ಬೇರೆ ಗೊತ್ತಾಗಿತ್ತು. ಸವಣೂರು ಪೇಟೆಯಲ್ಲಿ ನನ್ನ ಗುರುತು ಯಾರಿಗೂ ಇಲ್ಲ, ಅಲ್ಲಿಗೇ ಹೋಗಿ ಮಾಡಿಸಿಕೊಂಡು ಬರುತ್ತೇನೆ ಎಂದೆ. ಅಣ್ಣ ಉಣ್ಣುವುದನ್ನು ನಿಲ್ಲಿಸಿದ.

"ಗುರುತಿಲ್ಲದ ಊರಾಗ ಕಳ್ಳರಂಗ ಕುಂತು ಬರ್ತೀಯೇನು? ಹುಟ್ಟಿದ ಊರಾಗ ಕುಂದರು. ನಾ ಕುಂದರಸ್ತೇನಿ."

ಮರುದಿನವೇ ಚಳವಳಿ ಶುರು. ಅಗಸಿಯ ಕುರ್ಚಿ ಸಿಗುವ ತನಕ ಕೇರಿಯ ಯಾವ ಗಂಡಸೂ ಕೂದಲು, ಗಡ್ಡ ತೆಗೆಸಕೂಡದೆಂದು ಅಣ್ಣ ಸಾರಿದ. ಎಲ್ಲರೂ ತಕ್ಷಣ ಒಪ್ಪಿದರು. ಕುರಿಯ ಕತ್ತರಿ ತಪ್ಪಿತೆಂಬ ಸಂತೋಷದ ಪಾಲು ಆ ಒಪ್ಪಿಗೆಯಲ್ಲಿ ಎಷ್ಟಿತ್ತೋ! ಆದರೆ ನೋಡಿ, ಕೂದಲು ಬಿಡುವ ಚಳವಳಿ, ಅದರ ಮುಂದಾಳಿಗೇ ಬಿಡಲು ಕೂದಲಿಲ್ಲ!

ನೋಡನೋಡುತ್ತ ಕೇರಿ ಮಠದಂತಾಯಿತು. ಅಬಲೂರಿನ ಕಡೆಯಿಂದ ಎತ್ತು ಕೊಳ್ಳಲು ಬಂದವನೊಬ್ಬ, ಕಟ್ಟೆಯ ಮೇಲೆ ಜಟೆ ಗಡ್ಡ ಬಿಟ್ಟು ಕುಳಿತ ನಮ್ಮನ್ನು ಕಂಡು ಚಪ್ಪಲಿ ಕಳಚಿ ಕೈಮುಗಿದ. ಇದು ಯಾವ ಕೇರಿಯೆಂದು ತಿಳಿದ ಮೇಲೆ, ಮುಗಿದ ಕೈಯನ್ನು ಎಲ್ಲಿಡಬೇಕೆಂದು ತೋಚದೆ ತಲೆ ಕೆರೆದುಕೊಳ್ಳುತ್ತ ಹೋದ. ಶಿಗ್ಗಾಂವಿಯಿಂದ ನನ್ನ ಬೀಗರು ಬಂದರು. ನನ್ನನ್ನೇ ಎದುರಿಗಿಟ್ಟುಕೊಂಡು ಹುಡುಗ ಎಲ್ಲಿ ಎಂದು ಕೇಳಿದರು. ಗೊತ್ತಾದ ಮೇಲೆ, ತಲೆ ನೆಟ್ಟಗಾಗದೆ ಅಕ್ಷತೆ ಬೀಳುವುದಿಲ್ಲ ಎಂದು ಹೇಳಿ ಚಹಾ ಕೂಡ ಕುಡಿಯದೆ ಎದ್ದರು.

ಇತ್ತ ಅಣ್ಣ ದಿನಾ ಮುಂಜಾನೆ ಅಂಗಡಿಯ ಮುಂದೆ ನಿಂತು ತನ್ನ ಪಾಳಿ ಯಾವಾಗ ಎಂದು ಕೇಳುತ್ತಿದ್ದ.

"ನಿಂದು ಏನು ಕತ್ತರಸ್ಲೋ ಮಾರಾಯ?" ಎಂದ ಕ್ಷೌರಿಕ ಒಮ್ಮೆ.

"ಅದನ್ನ ಕುಂತ ಮ್ಯಾಲ ವಿಚಾರ ಮಾಡೂಣು."

ಕ್ಷೌರಿಕ ಕೆಟ್ಟವನಲ್ಲ, ಅಂಜಿದವನು. ಒಂದು ದಿನ ಯಾರೂ ಇಲ್ಲದಾಗ ಹೇಳಿಯೇಬಿಟ್ಟ: ನಿಮ್ಮ ತಲೆ ಮುಟ್ಟಿದರೆ ಹಿರಿಯರು ಅಂಗಡಿ ಮುಚ್ಚಿಸುತ್ತಾರೆ, ನನ್ನ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಅಣ್ಣ ತನ್ನ ಬೋಳುತಲೆ ಸವರಿಕೊಂಡ. ಏನಾದರೂ ಹೊಳೆದರೆ ಹಾಗೆ ಮಾಡುವುದು ಅವನ ರೂಢಿ.

"ನನ್ನ ಮುಟ್ಟಬ್ಯಾಡ. ನಾ ಕುರ್ಚ್ಯಾಗ ಕುಂದರ್ತೇನಿ, ನೀ ಕತ್ತರಿ ಸಪ್ಪಳ ಅಷ್ಟ ಮಾಡು. ಯಾರರ ಕೇಳಿದ್ರ, ಒಂದು ಕೂದ್ಲಾನೂ ಮುಟ್ಟಿಲ್ಲಂತ ದೇವರಾಣಿ ಮಾಡು."

ಕುಳಿತ! ಇಡೀ ಕೇರಿ ದಾರಿಯಲ್ಲಿ ನಿಂತು ನೋಡಿತು. ಕೊರಳಿಗೆ ಬಿಳಿ ಬಟ್ಟೆ ಬಂತು. ಕಿವಿಯ ಸುತ್ತ, ಗಾಳಿಯಲ್ಲಿ, ಕತ್ತರಿ ಕಿಚಕಿಚ ಆಡಿತು. ಮುಗಿಸಿ, ಹಿಂದೆ ಸಣ್ಣ ಕನ್ನಡಿ ಹಿಡಿದು ಹೇಗಾಯಿತೆಂದು ಕ್ಷೌರಿಕ ರೂಢಿಯಂತೆ ಕೇಳಿದ. ಅಣ್ಣ ಕತ್ತು ಅತ್ತಿತ್ತ ಹೊರಳಿಸಿ ನೋಡಿದ.

"ಎಡಗಡೆ ಸ್ವಲ್ಪ ಉದ್ದ ಉಳದೈತಿ ನೋಡು."

ಕ್ಷೌರಿಕ ನಗು ತಡೆಯಲಾರದೆ ಎಡಗಡೆಯ ಗಾಳಿಯನ್ನು ಮತ್ತೊಮ್ಮೆ ಕತ್ತರಿಸಿದ.

ಸಂಜೆ ಚಾವಡಿಗೆ ಕರೆ ಬಂತು. ಕ್ಷೌರಿಕ ಆಣೆ ಮಾಡಿದ. ಹಿರಿಯರು ಅಣ್ಣನ ತಲೆಯನ್ನು ಸುತ್ತಲೂ ನೋಡಿದರು. ಎಲ್ಲಿದೆ ಸಾಕ್ಷಿ? ಗೌಡರು ಮೀಸೆಯಲ್ಲೇ ನಕ್ಕು ಎದ್ದುಬಿಟ್ಟರು. ಮರುದಿನ ಅಣ್ಣ ನನ್ನನ್ನು ಕೂರಿಸಿದ. ಕ್ಷೌರಿಕನ ಕೈ ಗಾಳಿಯಲ್ಲೇ ನಿಂತಿತು.

"ಇವನ ತಲ್ಯಾಗ ಕೂದ್ಲ ಅದಾವಲ್ಲೋ," ಎಂದ ಮೆಲ್ಲಗೆ.

"ಅದಾವು. ಅದ ಅಲ್ಲೇನು ನಿನ್ನ ಕೆಲಸ?"

ಅವನು ಒಮ್ಮೆ ದಾರಿಯ ಕಡೆ ನೋಡಿದ. ಆಮೇಲೆ ತಣ್ಣಗಿನ ಒದ್ದೆ ಕೈ ನನ್ನ ತಲೆಯ ಮೇಲೆ ಬಂತು. ಕನ್ನಡಿಯಲ್ಲಿ ನಾನು ನನ್ನನ್ನು ನೋಡಲಿಲ್ಲ, ಆ ಕೈಯನ್ನು ನೋಡಿದೆ.

ಗೌಡರೇ ನಕ್ಕು ಎದ್ದ ಮೇಲೆ ಅಂಗಡಿ ಮುಚ್ಚಿಸುವವರಾರು? ಹಿರಿಯರು ಅಂಗಡಿಗೆ ಬರುವುದನ್ನಷ್ಟೇ ಬಿಟ್ಟರು. ಆದರೆ ಕೇರಿಯಲ್ಲಿ ತಿಂಗಳುಗಟ್ಟಲೆ ಬೆಳೆದ ಬೆಳೆಯಿತ್ತಲ್ಲ, ಕ್ಷೌರಿಕನಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ! ಅದು ಮುಗಿಯುವ ಹೊತ್ತಿಗೆ ಹಿರಿಯರ ಗಡ್ಡಕ್ಕೂ ತುರಿಕೆ ಹತ್ತಿತ್ತು. ಒಬ್ಬೊಬ್ಬರೇ ಬಂದು ಪಾಳಿಯಲ್ಲಿ ನಿಂತರು, ನಮ್ಮ ಹಿಂದೆ. ನನ್ನ ಮದುವೆಯೂ ಆಯಿತು; ಬೀಗರು ಹುಡುಗ ಎಲ್ಲಿ ಎಂದು ಕೇಳಲಿಲ್ಲ.

ಅಲ್ಲಿಗೆ ಚಳವಳಿ ಮುಗಿಯಬೇಕಲ್ಲವೆ? ಅಣ್ಣನಿಗೆ ಮುಗಿಯಲಿಲ್ಲ. ಪ್ರತಿ ಸೋಮವಾರ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದ. ಅದೇ ಕಿಚಕಿಚ, ಅದೇ ಕನ್ನಡಿ, ಅದೇ ಎಡಗಡೆಯ ತಕರಾರು. ಸುಗ್ಗಿಯಲ್ಲಿ ಎಲ್ಲರಂತೆ ಕ್ಷೌರಿಕನಿಗೆ ಜೋಳ ಅಳೆದು ಕೊಡುತ್ತಿದ್ದ. ಇಲ್ಲದ ಕೂದಲಿಗೆ ಇದ್ದ ಜೋಳ ಸುರಿಯುವ ಗಂಡ ತನಗೊಬ್ಬಳಿಗೇ ಸಿಕ್ಕನಲ್ಲ ಎಂದು ಅತ್ತಿಗೆ ಗೊಣಗುತ್ತಿದ್ದಳು. ಕುರ್ಚಿ ಖಾಲಿ ಬಿಟ್ಟರೆ ಮತ್ತೆ ಹಿರಿಯರದೇ ಆಗಿಬಿಡುತ್ತದೆ ಎಂಬುದು ಅಣ್ಣನ ವಾದ.

ಅಣ್ಣ ಹೋಗಿ ಇನ್ನೂ ತಿಂಗಳಾಗಿಲ್ಲ. ಅಂದು ಅಂಗಳದಲ್ಲಿ ಮಲಗಿಸಿದ್ದೆವು. ಕ್ಷೌರಿಕ ಬಗಲಲ್ಲಿ ತನ್ನ ಡಬ್ಬಿ ಇಟ್ಟುಕೊಂಡು ಕೇರಿಯೊಳಕ್ಕೆ ಬಂದ. ಅವನಿಗೂ ಈಗ ವಯಸ್ಸಾಗಿದೆ. ಅಣ್ಣನ ತಲೆಯ ಹತ್ತಿರ ಕುಳಿತ. ಕೊರಳಿಗೆ ಬಿಳಿ ಬಟ್ಟೆ ಹೊದಿಸಿದ. ಕತ್ತರಿ ತೆಗೆದು ಕಿವಿಯ ಸುತ್ತ ಆಡಿಸಿದ. ಅಳುತ್ತಿದ್ದವರೂ ತಲೆಯೆತ್ತಿ ಆ ಸಪ್ಪಳ ಕೇಳಿದರು. ಮುಗಿಸಿ, ಕತ್ತರಿ ಹಿಡಿದುಕೊಂಡು ಹಾಗೇ ಕುಳಿತ. ಏನನ್ನೋ ಕಾಯುವವನಂತೆ ಅಣ್ಣನ ಮುಖ ನೋಡುತ್ತಿದ್ದ.

ನಾನು ಹತ್ತಿರ ಹೋಗಿ ಕುಳಿತೆ. "ಎಡಗಡೆ ಸ್ವಲ್ಪ ಉದ್ದ ಉಳದೈತಿ ನೋಡು," ಎಂದೆ.

ಅವನು ತಲೆಯಾಡಿಸಿ ಮತ್ತೆ ಕತ್ತರಿ ಎತ್ತಿದ.